ತಪ್ಪು ಕ್ಲಿಕ್ಕಿಗೂ ಒಂದು ಉತ್ತರ

ಪ್ರಶ್ನೆ: ನಾನು ಶಿರಸಿ ಕಡೆಯವಳು, ಸಹಕಾರಿ ಸಂಘವೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ನಾಲ್ಕೈದು ಸಣ್ಣಕಥೆಗಳು ಪತ್ರಿಕೆಗಳಲ್ಲಿ ಬಂದಿವೆ. ಕಳೆದ ಮಳೆಗಾಲದಲ್ಲಿ ತಮ್ಮ ಹಾಕಿಕೊಟ್ಟ ‘ದಿ ಸೀಕ್ರೆಟ್ ಆಫ್ ಮಂಕಿ ಐಲ್ಯಾಂಡ್’ ಎಂಬ ಕಡಲ್ಗಳ್ಳರ ಕಂಪ್ಯೂಟರ್ ಆಟ ಆಡಿದ ಮೇಲೆ ಅಂಥದೊಂದು ಆಟ ಮಾಡಬೇಕೆಂಬ ಹುಚ್ಚು ಹಿಡಿದಿದೆ. ‘ಕಥೆ ಹೇಳೋದಾದ್ರೆ ಕಥೆಯನ್ನೇ ಬರಿ, ಈ ಹಳೇ ಕಾಲದ ಆಟ ಯಾಕೆ?’ ಎನ್ನುತ್ತಾರೆ ಮನೆಯವರು. ನನಗೂ ಉತ್ತರ ತೋಚುತ್ತಿಲ್ಲ. ಪರದೆಯ ಮೇಲಿನ ವಸ್ತು, ಜನರ ಮೇಲೆ ಮೌಸ್ ಒತ್ತುತ್ತ ಕಥೆ ಮುಂದುವರಿಸುವ ಈ ಪಾಯಿಂಟ್ ಅಂಡ್ ಕ್ಲಿಕ್ ಅಡ್ವೆಂಚರ್ ಮಾಡುವವರಿಗೆ ಅದರಲ್ಲಿ ಸಿಗುವುದೇನು? ಚಿತ್ರ ಬರೆಯಲು ಬಾರದ, ಕೋಡಿಂಗ್ ಗೊತ್ತಿಲ್ಲದ ನನ್ನಂಥವಳಿಗೆ ಇದು ಆಗುವ ಕೆಲಸವೇ? ಅದೂ ಕನ್ನಡದಲ್ಲಿ?

ಉತ್ತರ: ನಿಮ್ಮ ಮನೆಯವರಿಗೆ ಹೇಳುವ ಮೊದಲು ನನ್ನ ಮೊದಲ ಆಟದ ಕಥೆ ಕೇಳಿ. ಅದರಲ್ಲಿದ್ದದ್ದು ಮೂರೇ ಜಾಗ: ರಾತ್ರಿ ಹನ್ನೊಂದರ ಬಸ್ ನಿಲ್ದಾಣ, ಅದರ ಲಗೇಜ್ ಕೋಣೆ, ಹಿಂದಿನ ಚಹಾ ಅಂಗಡಿ. ಕೊನೆಯ ಬಸ್ಸು ತಪ್ಪಿಸಿಕೊಂಡ ಒಬ್ಬ ಮುದುಕ. ಬೀಗ ಜಡಿದ ಲಗೇಜ್ ಕೋಣೆಯೊಳಗೆ ಅವನ ಟ್ರಂಕು. ಬೀಗ ತೆಗೆಸುವ ಉಪಾಯವನ್ನು ನಾನು ತಿಂಗಳುಗಟ್ಟಲೆ ಹೆಣೆದಿದ್ದೆ. ಮೊದಲು ಆಡಲು ಕೂತವರು ನನ್ನ ಚಿಕ್ಕಮ್ಮ. ಜೀವಮಾನದಲ್ಲಿ ಕಂಪ್ಯೂಟರ್ ಗೇಮ್ ಮುಟ್ಟಿದವರಲ್ಲ. ಬೀಗದ ಕಡೆ ತಿರುಗಿಯೂ ನೋಡಲಿಲ್ಲ. ಮುದುಕನ ಕೈಚೀಲದಿಂದ ಬುತ್ತಿ ಡಬ್ಬಿ ತೆಗೆದು, ಬೆಂಚಿನ ಕೆಳಗೆ ಮಲಗಿದ್ದ ನಾಯಿಯ ಮೇಲೆ ಒತ್ತಿದರು. ಆ ನಾಯಿಯನ್ನು ನಾನು ಬರೀ ಅಂದಕ್ಕೆ ಇಟ್ಟದ್ದು. ‘ಹಾಗೆ ಮಾಡಲು ಬರುವುದಿಲ್ಲ’ ಎಂದಿತು ಆಟ. ಚಿಕ್ಕಮ್ಮ ನನ್ನ ಮುಖ ನೋಡಿ, ‘ಡಬ್ಬೀಲಿ ಅನ್ನ ಇದೆ ಅಂತ ನೀನೇ ಹೇಳಿದ್ದಲ್ವೇನೋ? ಒಂದು ತುತ್ತು ಹಾಕಿದ್ರೆ ನಿನ್ನ ಗಂಟೇನು ಹೋಗ್ತದೆ?’ ಅಂದರು.

ಆ ರಾತ್ರಿಯೇ ಕೂತು ನಾಯಿಗೆ ಅನ್ನ ಹಾಕಿಸಿದೆ. ಉಂಡ ನಾಯಿ ಸುಮ್ಮನಿರುತ್ತದೆಯೇ, ಮುದುಕನ ಹಿಂದೆ ಹೊರಟಿತು. ಹಿಂದೆ ಬಂದ ನಾಯಿಯನ್ನು ಕಂಡ ಮೇಲೆ ಚಹಾ ಅಂಗಡಿಯವನು ಎರಡು ಮಾತಾದರೂ ಆಡಬೇಕಲ್ಲ, ಆಡಿದ. ಆ ಎರಡು ಮಾತಿನಲ್ಲಿ ಮುದುಕನ ತೀರಿಹೋದ ಹೆಂಡತಿಯ ವಿಷಯ ಬಂತು. ಎಲ್ಲಿ ಹೇಳಿಸಬೇಕೆಂದು ತಿಳಿಯದೆ ನಾನು ಅಷ್ಟು ದಿನ ಒದ್ದಾಡುತ್ತಿದ್ದದ್ದು ಅದನ್ನೇ. ನೀವು ಕಥೆಗಾರ್ತಿ. ನಿಮ್ಮ ಕಥೆಯೊಳಗೆ ಓದುಗರು ನುಗ್ಗಿ ನಾಯಿಗೆ ಅನ್ನ ಹಾಕಿದ್ದು ಎಂದಾದರೂ ಉಂಟೇ?

ನನಗೆ ಸಿಗುವುದು ಇದು. ಉಳಿದವರನ್ನು ಕೇಳಿದರೆ ಚಿತ್ರದ ಸೊಗಸು, ಸಂಗೀತ, ಬಾಲ್ಯದ ನೆನಪು ಎಂದೆಲ್ಲ ಹೇಳಿಯಾರು, ಅವೂ ಸುಳ್ಳಲ್ಲ. ಆದರೆ ಈ ಬಗೆಯ ಆಟದಲ್ಲಿ ಬರವಣಿಗೆಯ ಮುಕ್ಕಾಲು ಪಾಲು ‘ಸರಿ’ ದಾರಿಯಲ್ಲಿ ಇರುವುದೇ ಇಲ್ಲ. ಆಟಗಾರ ಮಾಡಬಾರದ್ದನ್ನು, ಮಾಡಬೇಕಾಗಿಲ್ಲದ್ದನ್ನು ಮಾಡಿದಾಗ ಏನು ಹೇಳುತ್ತೀರಿ ಎಂಬುದರಲ್ಲಿ ಇರುತ್ತದೆ.

ಹೀಗಾದದ್ದಕ್ಕೆ ಒಂದು ಇತಿಹಾಸವಿದೆ, ಚುಟುಕಾಗಿ ಹೇಳುತ್ತೇನೆ. 1976ರಲ್ಲಿ ವಿಲ್ ಕ್ರೌದರ್ ಬರೆದ, ಮರುವರ್ಷ ಡಾನ್ ವುಡ್ಸ್ ಹಿಗ್ಗಿಸಿದ ‘ಕೊಲೊಸಲ್ ಕೇವ್ ಅಡ್ವೆಂಚರ್’ನಲ್ಲಿ ಚಿತ್ರವೇ ಇರಲಿಲ್ಲ, ಗುಹೆಯನ್ನು ಮಾತಿನಲ್ಲಿ ವರ್ಣಿಸುತ್ತಿತ್ತು, ಆಡುವವರು ಉತ್ತರವನ್ನು ಟೈಪ್ ಮಾಡಬೇಕಿತ್ತು. 1980ರಲ್ಲಿ ರಾಬರ್ಟಾ ಮತ್ತು ಕೆನ್ ವಿಲಿಯಮ್ಸ್ ದಂಪತಿ ‘ಮಿಸ್ಟರಿ ಹೌಸ್’ಗೆ ಗೆರೆಚಿತ್ರ ಸೇರಿಸಿದರು. ಆದರೂ ಟೈಪಿಂಗ್ ಉಳಿಯಿತು. ಬರೆದವರ ಮನಸ್ಸಿನಲ್ಲಿ ಇದ್ದದ್ದು ‘ಎತ್ತು’ ಎಂಬ ಪದ, ನೀವು ‘ತೆಗೆದುಕೋ’ ಎಂದು ಬರೆದರೆ ಆಟಕ್ಕೆ ತಿಳಿಯುತ್ತಿರಲಿಲ್ಲ. ಕಥೆಯ ಒಗಟು ಬಿಡಿಸುವ ಬದಲು ಪದದ ಒಗಟು ಬಿಡಿಸುತ್ತ ಕೂರಬೇಕು. 1985ರ ‘ದೇಜಾ ವೂ’ ಮೌಸ್‌ ಹಿಡಿಸಿತು. 1987ರಲ್ಲಿ ಲ್ಯೂಕಾಸ್‌ಫಿಲ್ಮ್ ಗೇಮ್ಸ್‌ನಲ್ಲಿ ರಾನ್ ಗಿಲ್ಬರ್ಟ್ ಮತ್ತು ಗ್ಯಾರಿ ವಿನ್ನಿಕ್ ‘ಮ್ಯಾನಿಯಾಕ್ ಮ್ಯಾನ್ಶನ್’ ಮಾಡಿದಾಗ ಕ್ರಿಯಾಪದಗಳನ್ನೆಲ್ಲ ಪರದೆಯ ಕೆಳಗೇ ಬರೆದಿಟ್ಟರು. ತೆರೆ, ಮುಚ್ಚು, ಕೊಡು, ತಳ್ಳು. ಪದ ಹುಡುಕುವ ಕಾಟ ತಪ್ಪಿತು.

ಆಡುವವರಿಗೆ ತಪ್ಪಿದ ಕಾಟ ಬರೆಯುವವರ ಹೆಗಲೇರಿತು. ಟೈಪ್ ಮಾಡುವ ಕಾಲದಲ್ಲಿ ‘ನಿನ್ನ ಮಾತು ಅರ್ಥವಾಗಲಿಲ್ಲ’ ಎಂದು ಜಾರಿಕೊಳ್ಳಬಹುದಿತ್ತು. ‘ತಳ್ಳು’ ಎಂದು ನೀವೇ ಬರೆದಿಟ್ಟ ಮೇಲೆ ಅಜ್ಜಿಯನ್ನು ತಳ್ಳಲು ಹೋದವನಿಗೆ ಏನಾದರೂ ಹೇಳಲೇಬೇಕು. ನೀವು ಲೆಕ್ಕದವರು, ಲೆಕ್ಕ ಹಾಕಿ ನೋಡಿ. ಒಂದು ಕೋಣೆಯಲ್ಲಿ 10 ವಸ್ತು, ‘ಮಂಕಿ ಐಲ್ಯಾಂಡ್ 2’ರಲ್ಲಿದ್ದಂತೆ 9 ಕ್ರಿಯಾಪದ: ಅಲ್ಲಿಗೆ 90 ಸಾಧ್ಯತೆ. ಜೇಬಿನಲ್ಲಿ 8 ಸಾಮಾನಿದ್ದು ಒಂದೊಂದನ್ನೂ ಆ 10 ವಸ್ತುಗಳ ಮೇಲೆ ಪ್ರಯೋಗಿಸಿದರೆ ಇನ್ನೂ 80. ಒಂದೇ ಕೋಣೆಗೆ 170. ಇದರಲ್ಲಿ ಕಥೆಯನ್ನು ಮುಂದೂಡುವುದು ನಾಲ್ಕೋ ಐದೋ. ಮಿಕ್ಕ ನೂರರವತ್ತಕ್ಕೂ ‘ಬರುವುದಿಲ್ಲ, ಬರುವುದಿಲ್ಲ’ ಎನ್ನುವ ಆಟ ಸರ್ಕಾರಿ ಕೌಂಟರಿನಂತಿರುತ್ತದೆ. ಅದರಲ್ಲಿ ಮೂವತ್ತು ನಲವತ್ತಕ್ಕಾದರೂ ಬೇರೆ ಬೇರೆ ಉತ್ತರ ಬರೆದ ಆಟ, ಊಟದ ಹೊತ್ತಿಗೆ ಹೋದರೆ ಎಲೆ ಹಾಕುವ ಮನೆಯಂತೆ.

ಅದನ್ನು ಬರೆಯುವುದು ಬೇಸರದ ಕೆಲಸವೆಂದು ನಾನೂ ತಿಳಿದಿದ್ದೆ. ಆದರೆ ಪಾತ್ರದ ಪರಿಚಯ ನನಗಾಗುವುದು ಅಲ್ಲೇ. ‘ಗೋಡೆ ಗಡಿಯಾರವನ್ನು ನೋಡು’ ಎಂದಾಗ ಮುದುಕ ಏನು ಹೇಳುತ್ತಾನೆ? ಗಂಟೆ ಎಷ್ಟೆಂದು ಹೇಳುತ್ತಾನೋ, ಗಡಿಯಾರ ಕೊಟ್ಟ ದಾನಿಯ ಹೆಸರು ಓದುತ್ತಾನೋ, ‘ನನ್ನ ವಾಚು ಇದಕ್ಕಿಂತ ಐದು ನಿಮಿಷ ಮುಂದಿದೆ, ಆದ್ರೂ ಬಸ್ಸು ತಪ್ಪಿತು’ ಎಂದು ಗೊಣಗುತ್ತಾನೋ? ಸಣ್ಣಕಥೆಯಲ್ಲಿ ಈ ವಾಕ್ಯಕ್ಕೆ ಜಾಗವಿಲ್ಲ, ಸಂಪಾದಕರು ಮೊದಲು ಕತ್ತರಿ ಹಾಕುವುದೇ ಇದಕ್ಕೆ. ಇಲ್ಲಿ ಇದೇ ಬಂಡವಾಳ. ಎಲ್ಲರೂ ಗಡಿಯಾರವನ್ನು ಮುಟ್ಟುವುದಿಲ್ಲ. ಮುಟ್ಟಿದವರಿಗೆ ಅದು ತಮಗೊಬ್ಬರಿಗೇ ಹೇಳಿದ ಮಾತಿನಂತೆ ಕೇಳುತ್ತದೆ.

ರಾನ್ ಗಿಲ್ಬರ್ಟ್ ಮುಂದೆ ಮಾಡಿದ, ನೀವು ಆಡಿದ ‘ಮಂಕಿ ಐಲ್ಯಾಂಡ್’ (1990) ಈ ಅತಿಥಿ ಸತ್ಕಾರವನ್ನು ಕಲಿಸಿದ ಆಟ. ಅದೇ ಕಾಲದ ‘ಕಿಂಗ್ಸ್ ಕ್ವೆಸ್ಟ್ 5’ರಲ್ಲಿ ಒಂದು ಬೆಕ್ಕು ಇಲಿಯನ್ನು ಅಟ್ಟಿಸಿಕೊಂಡು ಹೋಗುವ ದೃಶ್ಯವಿದೆ. ಆ ಕ್ಷಣದಲ್ಲೇ ಬೆಕ್ಕಿಗೆ ಹಳೆಯ ಬೂಟನ್ನೋ ಕೋಲನ್ನೋ ಎಸೆದು ಇಲಿಯನ್ನು ಉಳಿಸಬೇಕು. ಉಳಿಸದಿದ್ದರೆ ಎಷ್ಟೋ ಹೊತ್ತಿನ ಮೇಲೆ ನಿಮ್ಮನ್ನು ನೆಲಮಾಳಿಗೆಯಲ್ಲಿ ಕಟ್ಟಿಹಾಕಿದಾಗ ಹಗ್ಗ ಕಡಿಯಲು ಯಾರೂ ಬರುವುದಿಲ್ಲ, ಆಟ ಅಲ್ಲಿಗೆ ಮುಗಿಯಿತು. ತಪ್ಪೆಲ್ಲಿ ಆಯಿತೆಂದೂ ತಿಳಿಯದು. ಅದಕ್ಕೂ ಮೊದಲಿನ ಆಟಗಳಲ್ಲೇ ಇಂಥವನ್ನು ಕಂಡು ರೋಸಿಹೋದ ಗಿಲ್ಬರ್ಟ್ 1989ರಲ್ಲಿ ಅಡ್ವೆಂಚರ್ ಗೇಮ್‌ಗಳ ಕುಂದುಗಳನ್ನು ಪಟ್ಟಿ ಮಾಡಿ ಒಂದು ಪ್ರಬಂಧವನ್ನೇ ಬರೆದರು. ಅದರಲ್ಲೊಂದು ಮಾತು ನನ್ನ ಮೇಜಿನ ಮೇಲೆ ಸದಾ ಇರುತ್ತದೆ: ಹಗ್ಗ ಸಿಗುವ ಮೊದಲು ಕಂದರ ಕಾಣಬೇಕು. ಬೀಗ ನೋಡಿದವರು ಕೀಲಿಕೈ ಹುಡುಕುತ್ತಾರೆ, ಅದರಲ್ಲಿ ಆಸೆಯಿದೆ. ಕೀಲಿಕೈ ಮೊದಲು ಸಿಕ್ಕರೆ ಅದು ಬರೀ ಜೇಬಿನ ಭಾರ. ಸಣ್ಣಕಥೆಗೂ ಇದು ಒಗ್ಗುವ ಮಾತೇ.

ಮಂಕಿ ಐಲ್ಯಾಂಡಿನಲ್ಲಿ ನಾಯಕ ಸಾಯುವುದೇ ಇಲ್ಲವೆಂದು ಎಲ್ಲರೂ ಹೇಳುತ್ತಾರೆ. ಒಂದು ಕಡೆ ಸಾಯುತ್ತಾನೆ. ಹತ್ತು ನಿಮಿಷ ಉಸಿರು ಬಿಗಿಹಿಡಿಯಬಲ್ಲೆನೆಂದು ಜಂಬ ಕೊಚ್ಚುವವನನ್ನು ನೀರಿಗೆ ಹಾಕುತ್ತಾರೆ. ನೀವು ನಿಜವಾಗಿಯೂ ಹತ್ತು ನಿಮಿಷ ಏನೂ ಮಾಡದೆ ಕೂತರೆ ಮುಳುಗಿ ಸಾಯುತ್ತಾನೆ. ಹತ್ತು ನಿಮಿಷ ಸುಮ್ಮನೆ ಕೂರುವ ಕಿಡಿಗೇಡಿಗೂ ಒಂದು ಉತ್ತರ ಬರೆದಿಟ್ಟಿದ್ದಾರೆ ನೋಡಿ.

ಇನ್ನು ಅದರ ಕತ್ತಿವರಸೆ. ತಾಳಮದ್ದಳೆ ಕೇಳುತ್ತ ಬೆಳೆದ ನಿಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವೇಷವಿಲ್ಲ, ಬಿಲ್ಲುಬಾಣವಿಲ್ಲ, ಕುಳಿತಲ್ಲೇ ಯುದ್ಧ. ಎದುರಿನ ಅರ್ಥಧಾರಿ ಎಸೆದ ಮಾತನ್ನು ಹಿಡಿದು ಅವನಿಗೇ ತಿರುಗಿಸಿದವನು ಗೆದ್ದ. ಕಡಲ್ಗಳ್ಳರ ಕತ್ತಿಯ ಕಾಳಗವೂ ಹಾಗೇ, ಬೈಗುಳಕ್ಕೆ ತಕ್ಕ ಎದುರುತ್ತರ ಕೊಟ್ಟವರದು ಗೆಲುವು. ಬೈಗುಳವನ್ನು ಕಲಿಯುವುದು ಹೇಗೆ? ಸೋತು. ದಾರಿಹೋಕ ಕಳ್ಳ ನಿಮಗೆ ಅಂದದ್ದನ್ನು ನೀವು ಮುಂದಿನವನಿಗೆ ಅನ್ನುತ್ತೀರಿ, ಅವನು ಕೊಟ್ಟ ಉತ್ತರ ನಿಮ್ಮದಾಗುತ್ತದೆ. ಎಲ್ಲ ಕಲಿತು ಕತ್ತಿವರಸೆಯ ಗುರುವಿನ ಎದುರು ನಿಂತರೆ ಆಕೆ ಎಸೆಯುವುದು ನೀವು ಕೇಳದ ಹೊಸ ಬೈಗುಳಗಳು. ಹಳೆಯ ಉತ್ತರಗಳನ್ನೇ ಹೊಸ ಮಾತಿಗೆ ಹೊಂದಿಸಬೇಕು. ಬಾಯಿಪಾಠ ಮಾಡಿದವನೂ ಅರ್ಥ ಬಲ್ಲವನೂ ಬೇರೆಯಾಗುವುದು ಅಲ್ಲಿ. ಬರವಣಿಗೆಯೇ ಆಟವಾದದ್ದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಒಗಟು ಕಟ್ಟುವುದರಲ್ಲೂ ಸುಖವಿದೆ, ಆದರೆ ಎಡವುವುದೂ ಅಲ್ಲೇ. 1993ರ ‘ಡೇ ಆಫ್ ದಿ ಟೆಂಟಕಲ್’ನಲ್ಲಿ ಮೂವರು ಗೆಳೆಯರು ಒಂದೇ ಮನೆಯ ಮೂರು ಕಾಲಗಳಲ್ಲಿ ಸಿಕ್ಕಿಬಿದ್ದಿದ್ದಾರೆ: ಈಗ, ಇನ್ನೂರು ವರ್ಷ ಹಿಂದೆ, ಇನ್ನೂರು ವರ್ಷ ಮುಂದೆ. ಮುಂದಿನ ಕಾಲದವಳು ಮರವೊಂದಕ್ಕೆ ಸಿಕ್ಕಿ ಜೋತಾಡುತ್ತಿದ್ದಾಳೆ. ಹಿಂದಿನ ಕಾಲದವನ ಬಳಿ ಜಾರ್ಜ್ ವಾಷಿಂಗ್ಟನ್ ಇದ್ದಾನೆ. ವಾಷಿಂಗ್ಟನ್ ಬಾಲ್ಯದಲ್ಲಿ ಚೆರಿ ಮರ ಕಡಿದ ಕಥೆ ಅಮೆರಿಕದ ಮಕ್ಕಳಿಗೆಲ್ಲ ಗೊತ್ತು. ಆ ಕಾಲದಲ್ಲೇ ಅದೇ ಮರದ ಕಾಯಿಗಳಿಗೆ ಕೆಂಪು ಬಣ್ಣ ಬಳಿದರೆ ಅದನ್ನು ಚೆರಿ ಎಂದುಕೊಂಡು ಕಡಿದು ಹಾಕುತ್ತಾನೆ. ಇನ್ನೂರು ವರ್ಷದ ಆಚೆ ಮರ ಮಾಯ, ಹುಡುಗಿ ನೆಲಕ್ಕೆ ದೊಪ್ಪನೆ. ಹೊಳೆದಾಗ ಕುರ್ಚಿಯಿಂದ ಎದ್ದು ಓಡಾಡುವಂತಾಗುತ್ತದೆ. ಎದುರಿಗೆ 1999ರ ‘ಗೇಬ್ರಿಯಲ್ ನೈಟ್ 3’ ಇಡಿ. ಅದರಲ್ಲಿ ನಾಯಕ ಇನ್ನೊಬ್ಬನ ವೇಷದಲ್ಲಿ ಬೈಕು ಬಾಡಿಗೆಗೆ ಪಡೆಯಲು ಬೆಕ್ಕಿನ ಕೂದಲನ್ನು ಸಿರಪ್ಪಿನಿಂದ ಅಂಟಿಸಿಕೊಂಡು ಮೀಸೆ ಮಾಡುತ್ತಾನೆ. ಯಾರ ವೇಷ ಹಾಕಬೇಕೋ ಅವನಿಗೆ ಮೀಸೆಯೇ ಇಲ್ಲ! ಅದಕ್ಕಾಗಿ ಅವನ ಪಾಸ್‌ಪೋರ್ಟಿನ ಫೋಟೋಗೂ ಮೀಸೆ ಬರೆಯಬೇಕು. ಎರಡೂ ಹುಚ್ಚುತನವೇ. ಆದರೆ ಮೊದಲನೆಯದು ಆ ಲೋಕದ ನ್ಯಾಯಕ್ಕೆ ಸರಿ, ಅಲ್ಲಿ ಎಲ್ಲರೂ ಹಾಗೇ ಇದ್ದಾರೆ. ಎರಡನೆಯದರಲ್ಲಿ ಗಂಭೀರ ಪತ್ತೇದಾರಿ ಕಥೆಯೊಳಗೆ ಆ ಮೀಸೆ ಮಾತ್ರ ಸರ್ಕಸ್ಸಿನದು.

ಆದ್ದರಿಂದ ಒಗಟು ಕಟ್ಟುವಾಗ ‘ಎಷ್ಟು ಕಷ್ಟ ಇಡಲಿ’ ಎಂದು ಹೊರಡಬೇಡಿ. ‘ನನ್ನ ನಾಯಕಿ ಇಕ್ಕಟ್ಟಿನಲ್ಲಿ ಹೇಗೆ ಯೋಚಿಸುತ್ತಾಳೆ’ ಎಂದು ಹೊರಡಿ. ಹೊಂಚು ಹಾಕುವವಳೋ, ಮಾತಿನಲ್ಲಿ ಮರುಳು ಮಾಡುವವಳೋ, ನಿಯಮಪುಸ್ತಕ ತೆಗೆದು ಇಂಥ ಕಲಮು ಎಂದು ಬೆರಳಿಡುವವಳೋ. ನೀವು ಅಡ್ವೆಂಚರಿನಲ್ಲಿ ಪಾತ್ರಚಿತ್ರಣ ಮಾಡುವುದು ವರ್ಣನೆಯಿಂದಲ್ಲ, ಅವಳ ಉಪಾಯವನ್ನು ಆಟಗಾರನ ತಲೆಯಲ್ಲೇ ಹುಟ್ಟಿಸುವುದರಿಂದ. ಅವನು ಒಂದು ಗಳಿಗೆ ಅವಳ ಹಾಗೆ ಯೋಚಿಸಿರುತ್ತಾನೆ. ಇಪ್ಪತ್ತು ಪುಟ ಬರೆದರೂ ಓದುಗರನ್ನು ಅಷ್ಟು ಹತ್ತಿರ ಕರೆತರುವುದು ನನ್ನಿಂದ ಆಗಿಲ್ಲ.

ಇದಕ್ಕೆ ನೀವು ನೋಡಬೇಕಾದ ಮಾದರಿ ಮಂಕಿ ಐಲ್ಯಾಂಡ್ ಅಲ್ಲ, ‘ದಿ ಶಿವಾ’. ನಮ್ಮ ಶಿವ ಅಲ್ಲ. ಯಹೂದಿಗಳ ಏಳು ದಿನದ ಸೂತಕಕ್ಕೆ ಆ ಹೆಸರು. ನ್ಯೂಯಾರ್ಕಿನ ಡೇವ್ ಗಿಲ್ಬರ್ಟ್ (ರಾನ್ ಗಿಲ್ಬರ್ಟ್‌ಗೂ ಇವರಿಗೂ ಹೆಸರಿನ ನಂಟಷ್ಟೇ) 2006ರಲ್ಲಿ ಒಂದು ತಿಂಗಳ ಗಡುವಿನ ಸ್ಪರ್ಧೆಗಾಗಿ ಮಾಡಿದ್ದು. ಬಳಿಕ ಅದನ್ನೇ ತಿದ್ದಿ ಮಾರಾಟಕ್ಕಿಟ್ಟು ವಾಜೆಟ್ ಐ ಗೇಮ್ಸ್ ಶುರುಮಾಡಿದರು. ನಾಯಕ ಒಬ್ಬ ರಬ್ಬಿ, ಭಕ್ತರು ಬರುವುದು ನಿಂತ ಮಂದಿರದ ಪುರೋಹಿತ. ಹಿಂದೆ ಮುನಿಸಿಕೊಂಡು ಹೋಗಿದ್ದವನೊಬ್ಬ ಕೊಲೆಯಾಗಿ, ಇವನ ಹೆಸರಿಗೆ ದುಡ್ಡು ಬಿಟ್ಟಿದ್ದಾನೆ. ಇಡೀ ಆಟ ಕೆಲವೇ ಗಂಟೆಯದು, ಜಾಗಗಳೂ ಬೆರಳೆಣಿಕೆ. ಆದರೆ ಸಂಭಾಷಣೆಯಲ್ಲಿ ಒಂದು ಆಯ್ಕೆ ಮೇಲಿಂದ ಮೇಲೆ ಬರುತ್ತದೆ: ರಬ್ಬಿಯ ಶೈಲಿಯ ಉತ್ತರ, ಅಂದರೆ ಪ್ರಶ್ನೆಗೆ ಪ್ರಶ್ನೆಯಿಂದಲೇ ಉತ್ತರಿಸುವುದು. ಒಂದು ಸಮುದಾಯದ ಮಾತಿನ ವರಸೆಯೇ ಆಟದ ಯಂತ್ರವಾಯಿತು. ಪ್ರಶ್ನೆಗೆ ಪ್ರಶ್ನೆ ಹಾಕುವುದು, ಹೌದೂ ಅನ್ನದೆ ಇಲ್ಲವೂ ಅನ್ನದೆ ಕವಳ ಜಗಿಯುತ್ತ ಕೂರುವುದು, ಸಾಲದ ವಿಷಯ ಬಂದೊಡನೆ ಮಳೆಯ ವಿಷಯ ಎತ್ತುವುದು, ಇವೆಲ್ಲ ಸಹಕಾರಿ ಸಂಘದ ಕೌಂಟರಿನಲ್ಲಿ ಕೂತವರಿಗೆ ನಾನು ಹೇಳಿಕೊಡಬೇಕೆ?

ಸಲಕರಣೆಗೆ ಬರೋಣ. ‘ದಿ ಶಿವಾ’ ಮಾಡಿದ್ದು ಅಡ್ವೆಂಚರ್ ಗೇಮ್ ಸ್ಟುಡಿಯೋ ಎಂಬ ತಂತ್ರಾಂಶದಲ್ಲಿ, ಚಿಕ್ಕದಾಗಿ ಎ.ಜಿ.ಎಸ್. ಬ್ರಿಟನ್ನಿನ ಕ್ರಿಸ್ ಜೋನ್ಸ್ 1997ರಲ್ಲಿ ಹೊರತಂದ ಇದು ಉಚಿತ, ಈಗ ಮೂಲಸಂಕೇತವೂ ಮುಕ್ತ. ‘ಜೆಮಿನಿ ರೂ’ (2011), ‘ಅನ್‌ಅವೌಡ್’ (2018), ‘ದಿ ಎಕ್ಸ್‌ಕವೇಶನ್ ಆಫ್ ಹಾಬ್ಸ್ ಬ್ಯಾರೋ’ (2022) ಎಲ್ಲ ಅದರಲ್ಲೇ ಆದವು. ಕೋಣೆಯ ಚಿತ್ರ ಹಾಕಿ, ಪಾತ್ರ ಎಲ್ಲಿ ನಡೆಯಬಹುದು ಎಂಬುದಕ್ಕೆ ಬಣ್ಣ ಬಳಿದು, ಬಾಗಿಲು, ಕಿಟಕಿ, ನಾಯಿಗಳ ಸುತ್ತ, ಒತ್ತಿದರೆ ಉತ್ತರ ಕೊಡುವ ಜಾಗವೆಂದು, ಹಾಟ್‌ಸ್ಪಾಟ್ ಗುರುತಿಸಿದರೆ ಅರ್ಧ ಕೆಲಸ ಆಯಿತು. ಇನ್ನರ್ಧಕ್ಕೆ ಸ್ಕ್ರಿಪ್ಟ್ ಬರೆಯಬೇಕು. ‘ಡಬ್ಬಿ ಕೈಲಿದ್ದರೆ ಹೀಗೆ ಹೇಳು, ಇಲ್ಲದಿದ್ದರೆ ಹಾಗೆ’ ಎಂಬ ಮಟ್ಟದ್ದು. ಎಕ್ಸೆಲ್ಲಿನಲ್ಲಿ ಇಫ್ ಸೂತ್ರ ಹಾಕಿದ ಕೈಗೆ ಅದು ಹೆದರುವ ವಿಷಯವಲ್ಲ.

ಚಿತ್ರದ ಬಗ್ಗೆ ಸುಳ್ಳು ಧೈರ್ಯ ಹೇಳಲಾರೆ. ಹೆಚ್ಚು ಸಮಯ ತಿನ್ನುವುದು ಅದೇ, ಅದರಲ್ಲೂ ನಡಿಗೆಯ ಅನಿಮೇಶನ್. ಮಂಕಿ ಐಲ್ಯಾಂಡಿನ ಪರದೆ ಅಡ್ಡಕ್ಕೆ 320, ಉದ್ದಕ್ಕೆ 200 ಚುಕ್ಕೆ (ಪಿಕ್ಸೆಲ್) ಮಾತ್ರ. ಇಂದಿಗೂ ಅನೇಕರು ಅದೇ ಅಳತೆಗೆ ಅಂಟಿಕೊಂಡಿರುವುದಕ್ಕೆ ಹಳೆಯದರ ಮೋಹ ಒಂದು ಕಾರಣ, ಒಬ್ಬರೇ ಕೂತು ಮುಗಿಸಬಹುದು ಎಂಬುದು ಇನ್ನೊಂದು, ಮತ್ತು ದೊಡ್ಡದು. ನನ್ನ ಮುದುಕ ಮೂವತ್ತೆಂಟು ಚುಕ್ಕೆ ಎತ್ತರ. ಅವನ ಮುಖಕ್ಕೆ ಐದಾರು ಚುಕ್ಕೆ ಸಿಕ್ಕಿದವು, ಕಣ್ಣೀರಿಗೆ ಒಂದೂ ಸಿಗಲಿಲ್ಲ. ಮಾತಿನಲ್ಲೇ ಅಳಿಸಿದೆ.

ಕನ್ನಡದ ಪ್ರಶ್ನೆ ಕೇಳಿದಿರಿ. ಇಲ್ಲಿ ಎರಡು ತೊಡಕಿವೆ, ಎರಡನ್ನೂ ಮೊದಲೇ ತಿಳಿದಿರಿ. ಒಂದು ಅಕ್ಷರದ್ದು. ಇಂಗ್ಲಿಷಿಗೆಂದು ಹುಟ್ಟಿದ, ಆಟ ಕಟ್ಟುವ ತಂತ್ರಾಂಶಗಳಾದ ಇಂಜಿನ್‌ಗಳಿಗೆ ಅಕ್ಷರಗಳನ್ನು ಸಾಲಾಗಿ ನಿಲ್ಲಿಸಲು ಬರುತ್ತದೆ, ಒತ್ತಕ್ಷರ ಕೂಡಿಸಲು ಬರುವುದಿಲ್ಲ. ಎಲ್ಲಕ್ಕಿಂತ ಮೊದಲು, ಕಥೆ ಯೋಚಿಸುವುದಕ್ಕೂ ಮೊದಲು, ಪರದೆಯ ಮೇಲೆ ‘ಸ್ವಾತಂತ್ರ್ಯ’ ಎಂದು ಬರೆಸಿ ನೋಡಿ. ಒಡೆದುಹೋದರೆ ಆ ಇಂಜಿನ್ ಬೇಡ. 2023ರಲ್ಲಿ ಬಂದ ಗೋಡೋ 4 ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತದೆ. ಅದೂ ಉಚಿತ, ಪಾಯಿಂಟ್ ಅಂಡ್ ಕ್ಲಿಕ್‌ಗೆಂದೇ ಪೊಪೊಚಿಯು ಎಂಬ ಪ್ಲಗಿನ್ (ಮೇಲಿಂದ ಸೇರಿಸಿಕೊಳ್ಳುವ ತಂತ್ರಾಂಶ) ಅದಕ್ಕಿದೆ. ಎ.ಜಿ.ಎಸ್‌ನಷ್ಟು ಸಲೀಸಲ್ಲ, ಆದರೂ ಕನ್ನಡಕ್ಕೆ ನಾನು ಅದನ್ನೇ ಹೇಳುತ್ತೇನೆ.

ಎರಡನೆಯದು ವ್ಯಾಕರಣದ್ದು, ನನಗೆ ಇದು ಹೆಚ್ಚು ರುಚಿ. ಹಳೆಯ ಆಟಗಳಲ್ಲಿ ಕ್ರಿಯಾಪದ ಒತ್ತಿ, ಒಂದು ವಸ್ತು ಒತ್ತಿ, ಇನ್ನೊಂದು ಒತ್ತಿದರೆ ಕೆಳಗೆ ಇಂಗ್ಲಿಷಿನಲ್ಲಿ ವಾಕ್ಯ ತಾನೇ ಕೂಡಿಕೊಳ್ಳುತ್ತದೆ. ಪದಗಳ ರೂಪ ಬದಲಾಗಬೇಕಿಲ್ಲ. ಅದನ್ನೇ ಕನ್ನಡದಲ್ಲಿ ಮಾಡಹೊರಟರೆ ಕ್ರಿಯಾಪದ ಕೊನೆಗೆ ಬರಬೇಕು, ಡಬ್ಬಿ ‘ಡಬ್ಬಿಯನ್ನು’ ಆಗಬೇಕು, ನಾಯಿ ‘ನಾಯಿಗೆ’ ಆಗಬೇಕು, ಬಾಗಿಲು ‘ಬಾಗಿಲಿಗೆ’. ಪ್ರತಿ ವಸ್ತುವಿಗೂ ವಿಭಕ್ತಿ ರೂಪಗಳನ್ನು ಬರೆದಿಡಬೇಕು. ಅಷ್ಟೆಲ್ಲ ಮಾಡಿದರೂ ‘ಕೀಲಿಕೈಯನ್ನು ಬಾಗಿಲಿನ ಮೇಲೆ ಬಳಸು’ ಎಂಬ ವಾಕ್ಯ ಬಂದು ನಿಲ್ಲುತ್ತದೆ. ಹಾಗೆ ಯಾರ ಮನೆಯಲ್ಲಿ ಮಾತಾಡುತ್ತಾರೆ? ಕೀಲಿ ಹಾಕುತ್ತೇವೆ, ಅನ್ನ ಬಡಿಸುತ್ತೇವೆ, ಕೊಡೆ ಬಿಚ್ಚುತ್ತೇವೆ, ಬೆಂಕಿ ಹೊತ್ತಿಸುತ್ತೇವೆ. ಎಲ್ಲಕ್ಕೂ ಒಗ್ಗುವ ಒಂದು ‘ಬಳಸು’ ನಮ್ಮಲ್ಲಿಲ್ಲ. ನಾನು ಎರಡು ತಿಂಗಳು ಇದರೊಂದಿಗೆ ಗುದ್ದಾಡಿ ಕೊನೆಗೆ ವಾಕ್ಯದ ಸಾಲನ್ನೇ ಕಿತ್ತುಹಾಕಿದೆ. ಈಗಿನ ಬಹಳ ಆಟಗಳಂತೆ ಎಡಗುಂಡಿಗೆ ‘ಮಾಡು’, ಬಲಗುಂಡಿಗೆ ‘ನೋಡು’; ಪರದೆಯಲ್ಲಿ ಬರುವುದು ವಸ್ತುವಿನ ಹೆಸರಷ್ಟೇ. ನಮ್ಮ 170ರ ಲೆಕ್ಕವೂ ಇದರಿಂದ 100ಕ್ಕೆ ಇಳಿಯುತ್ತದೆ.

ಶ್ಲೇಷೆಯ ಮೇಲೆ ಒಗಟು ಕಟ್ಟುವ ಚಪಲ ಬಂದೀತು, ಎಚ್ಚರ. ‘ಮಂಕಿ ಐಲ್ಯಾಂಡ್ 2’ರಲ್ಲಿ ಒಂದು ಕೋತಿಯನ್ನು ಸ್ಪ್ಯಾನರಿನಂತೆ ತಿರುಗಿಸಿ ನೀರಿನ ಪಂಪು ನಿಲ್ಲಿಸಬೇಕು. ಅಮೆರಿಕದಲ್ಲಿ ಆ ಸ್ಪ್ಯಾನರಿಗೆ ‘ಮಂಕಿ ರೆಂಚ್’ ಎನ್ನುತ್ತಾರೆ, ಅದಕ್ಕೆ. ಆ ಪದವಿಲ್ಲದ ನಾಡುಗಳಲ್ಲಿ ಆಡಿದವರು ಕೋತಿಯನ್ನು ಜೇಬಿನಲ್ಲಿಟ್ಟುಕೊಂಡು ದಾರಿ ಕಾಣದೆ ತಿರುಗಿದರು. ಶಿರಸಿಯ ಪದ ಕಲಬುರಗಿಗೆ ಹೊಸತಾದೀತು, ಮೈಸೂರಿನದು ಮಂಗಳೂರಿಗೆ. ಮಾತಿನ ಸೊಗಡು ಸಂಭಾಷಣೆಯಲ್ಲಿ ಎಷ್ಟು ಬೇಕಾದರೂ ಇರಲಿ. ಒಗಟಿನ ಉತ್ತರ ಮಾತ್ರ ಅದರೊಳಗೆ ಅಡಗಿರಬಾರದು.

ದುಡ್ಡಿನ ವಿಷಯ ನೀವು ಕೇಳಲಿಲ್ಲ, ಮನೆಯವರು ಕೇಳುತ್ತಾರೆ. 2012ರಲ್ಲಿ ಟಿಮ್ ಶೇಫರ್ ಅವರ ಡಬಲ್ ಫೈನ್ ಸಂಸ್ಥೆ ಇಂಥದೊಂದು ಆಟಕ್ಕೆ 4 ಲಕ್ಷ ಡಾಲರ್ ಕೇಳಿದಾಗ 87 ಸಾವಿರಕ್ಕೂ ಹೆಚ್ಚು ಜನ 33 ಲಕ್ಷ ಡಾಲರ್ ಕೊಟ್ಟರು. ಆದರೆ ಅದು ಹೆಸರು ಮಾಡಿದವರ ಕಥೆ. ನೀವು ಸಣ್ಣಕಥೆಯ ಸಂಭಾವನೆಯನ್ನು ಹೇಗೆ ಎಣಿಸುತ್ತೀರೋ ಹಾಗೇ ಎಣಿಸಿ. ನನ್ನ ಬಸ್ ನಿಲ್ದಾಣ ತಂದದ್ದು ಒಂದು ಹೊಸ ಕೀಬೋರ್ಡಿನ ದುಡ್ಡು.

ಮೊದಲ ತಿಂಗಳು ಕಂಪ್ಯೂಟರನ್ನೇ ಮುಟ್ಟಬೇಡಿ. ಒಂದು ಹಾಳೆಯಲ್ಲಿ ನಿಮ್ಮ ಸಂಘದ ಕಚೇರಿ ಬರೆಯಿರಿ, ಗೀಟು ಹೊಡೆದರೆ ಸಾಕು. ಲೆಡ್ಜರು, ತಿಜೋರಿ, ಅಡಿಕೆ ಮೂಟೆ, ಸಂಸ್ಥಾಪಕರ ಫೋಟೋ, ತಿರುಗದ ಫ್ಯಾನು. ನಾಯಕಿ ಅಲ್ಲಿನ ಗುಮಾಸ್ತೆ. ಮುಗಿಯಬೇಕಾದ ಕೆಲಸ ಒಂದೇ: ಆಡಿಟರು ಬರುವ ಮೊದಲು ತಿಜೋರಿ ತೆರೆಯುವುದು. ತಮ್ಮನನ್ನು ಎದುರಿಗೆ ಕೂರಿಸಿಕೊಳ್ಳಿ, ಆಟ ನೀವೇ. ಅವನು ‘ಫೋಟೋ ನೋಡ್ತೆ’ ಅಂದರೆ ನೀವು ಉತ್ತರ ಹೇಳಬೇಕು. ಸುಳಿವು ಕೊಡಬೇಡಿ, ನಗಬೇಡಿ, ಅವನು ಮಾಡಹೋದದ್ದನ್ನೆಲ್ಲ ಬರೆದಿಟ್ಟುಕೊಳ್ಳಿ. ಹತ್ತು ನಿಮಿಷದೊಳಗೆ ಅವನು ಲೆಡ್ಜರಿನ ಮೇಲೆ ಚಹಾ ಚೆಲ್ಲಲು ನೋಡುತ್ತಾನೆ, ಬರೆದು ಕೊಡುತ್ತೇನೆ. ಆಗ ನಿಮ್ಮ ಗುಮಾಸ್ತೆ ಏನಂದಳು ಎಂಬುದನ್ನು ಮುಂದಿನ ಪತ್ರದಲ್ಲಿ ತಿಳಿಸಿ.